ಕಡಲ ಜೀವಿಯ ಮೊಟ್ಟೆ ಕಲ್ಲಾಗುವ ಬಗೆ: ಕೊಡಗಿನ ಶಾಲೆಗಳಿಗೂ ತೋಟದ ಮನೆಗಳಿಗೂ ಒಂದು ಮಾರ್ಗದರ್ಶಿ

ಕಾಫಿ ತೋಟಕ್ಕೆ ಹಾಕಲು ತರುವ ರಾಕ್ ಫಾಸ್ಫೇಟ್ ಚೀಲವನ್ನು ಕೊಡಗಿನ ತೋಟದ ಮನೆಗಳವರು ನೋಡಿಯೇ ಇರುತ್ತಾರೆ. ಆ ಪುಡಿ ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕವಲ್ಲ. ಬಹುಪಾಲು ಹಳೆಯ ಕಡಲುಗಳ ತಳದಲ್ಲಿ ರಂಜಕ ಗಟ್ಟಿಗೊಂಡು ಆದ ಫಾಸ್ಫೊರೈಟ್ ಎಂಬ ಕಲ್ಲನ್ನು ಅಗೆದು, ನುಣ್ಣಗೆ ಬೀಸಿದ ಹಿಟ್ಟು. ದಕ್ಷಿಣದ ತೋಟಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಸ್ಸೂರಿ ರಾಕ್ ಫಾಸ್ಫೇಟ್, ಡೆಹರಾಡೂನ್ ಬಳಿಯ ತಾಲ್ ಶಿಲಾಸ್ತರದಿಂದ ಬಂದದ್ದು. ಅದರ ವಯಸ್ಸು 50 ಕೋಟಿ ವರ್ಷಗಳನ್ನು ಮೀರುತ್ತದೆ. ಇದೇ ಜಾತಿಯ ಕಲ್ಲಿನಲ್ಲಿ, ಚೀನಾದ ಗ್ವಿಝೋ ಪ್ರಾಂತ್ಯದ ವೆಂಗಾನ್ ಎಂಬಲ್ಲಿನ ಫಾಸ್ಫೇಟ್ ಗಣಿಗಳಲ್ಲಿ, ಅರ್ಧದಿಂದ ಒಂದು ಮಿಲಿಮೀಟರ್ ಅಗಲದ ಗುಂಡುಗಳು ರಾಶಿರಾಶಿಯಾಗಿ ಸಿಕ್ಕಿವೆ. ಅವುಗಳಲ್ಲಿ ಕೆಲವು ಒಂದೇ ಕೋಶದವು, ಕೆಲವು ಎರಡು, ನಾಲ್ಕು, ಎಂಟು, ಹದಿನಾರು ಕೋಶಗಳಾಗಿ ಒಡೆದವು. ದೌಶಾಂತುವೊ ಎಂಬ ಆ ಶಿಲಾಸ್ತರದ ಗುಂಡುಗಳನ್ನು 1998ರಲ್ಲಿ ಪ್ರಾಣಿಭ್ರೂಣಗಳೆಂದು ವರದಿ ಮಾಡಿದಾಗ, ಎಲುಬೂ ಚಿಪ್ಪೂ ಇಲ್ಲದ, ಮುಟ್ಟಿದರೆ ಒಡೆಯುವ ಮೊಟ್ಟೆಯೊಂದು 57ರಿಂದ 61 ಕೋಟಿ ವರ್ಷಗಳಷ್ಟು ಕಾಲ ಹೇಗೆ ಉಳಿಯಿತು ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ಈ ಪ್ರಶ್ನೆಗೆ ಇಂದು ಸಾಕಷ್ಟು ಖಚಿತವಾದ ಉತ್ತರವಿದೆ. ಮೊಟ್ಟೆ ಕಲ್ಲಾಗುವುದು ಕೋಟಿ ವರ್ಷಗಳ ನಿಧಾನದ ಕೆಲಸವಲ್ಲ. ಅದರ ನಿರ್ಣಾಯಕ ಘಟ್ಟಗಳೆಲ್ಲ ಸಾವಿನ ನಂತರದ ಗಂಟೆಗಳಲ್ಲಿ, ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮುಗಿದುಹೋಗುತ್ತವೆ; ಉಳಿದ ಕೋಟ್ಯಂತರ ವರ್ಷಗಳು ಆದದ್ದನ್ನು ಕೆಡಿಸದೆ ಇಟ್ಟ ಕಾಲ ಮಾತ್ರ. ಆದ್ದರಿಂದಲೇ ಈ ಕ್ರಿಯೆಯ ಹಲವು ಹಂತಗಳನ್ನು ಶಾಲೆಯ ಪ್ರಯೋಗಾಲಯದಲ್ಲೋ ಮನೆಯ ಹಿತ್ತಿಲಲ್ಲೋ ಸ್ವಲ್ಪಮಟ್ಟಿಗೆ ಕಣ್ಣಾರೆ ನೋಡಲು ಸಾಧ್ಯ. ಈ ಲೇಖನ ಮೊಟ್ಟೆಯೊಂದರ ಹಾದಿಯನ್ನು ಹಂತಹಂತವಾಗಿ ಹಿಂಬಾಲಿಸುತ್ತದೆ ಮತ್ತು ಪ್ರತಿ ಹಂತದಲ್ಲಿ ನೀವು ಮಾಡಿ ನೋಡಬಹುದಾದದ್ದನ್ನು ಹೇಳುತ್ತದೆ.

ಆರಂಭಕ್ಕೆ ಮುನ್ನ ಒಂದು ಎಚ್ಚರಿಕೆ. ಸುತ್ತಿಗೆ ಹಿಡಿದು ಕೊಡಗಿನ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಲು ಹೋಗಬೇಡಿ. ಇಲ್ಲಿನ ನೈಸ್, ಗ್ರ್ಯಾನುಲೈಟ್, ಚಾರ್ನೊಕೈಟ್ ಶಿಲೆಗಳ ಬಹುಭಾಗ 300 ಕೋಟಿ ವರ್ಷಗಳಷ್ಟು ಹಳೆಯದು. ಪ್ರಾಣಿಗಳು ಹುಟ್ಟುವ ಮೊದಲೇ ರೂಪುಗೊಂಡು, ನೆಲದಾಳದಲ್ಲಿ 700 ಡಿಗ್ರಿಗೂ ಮೀರಿದ ಶಾಖದಲ್ಲಿ ಬೆಂದು, ಆಮೇಲೆ ಮೇಲಕ್ಕೆ ಬಂದವು. ಅವುಗಳಲ್ಲಿ ಕಾಣುವ ದುಂಡನೆಯ ಕೆಂಪು ಕಾಳುಗಳು ಗಾರ್ನೆಟ್ ಎಂಬ ಖನಿಜವೇ ಹೊರತು ಮೊಟ್ಟೆಗಳಲ್ಲ.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಪ್ರೌಢಶಾಲೆಯಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕ, ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಬಾಟಲಿ, ಅಯೋಡಿನ್ ಸೇರಿಸದ ಹರಳುಪ್ಪು, ತೆಳುವಾದ ನೈಲಾನ್ ಬಟ್ಟೆಯ ತುಂಡು, ಅಂಗಡಿಯ ಬಿಳಿ ವಿನಿಗರ್, ಗದ್ದೆಯ ಒಂದು ಬೊಗಸೆ ಕಪ್ಪು ಕೆಸರು ಇದ್ದರೆ ಸಾಕು. ಜೀವಂತ ಭ್ರೂಣಗಳಿಗಾಗಿ ಅಕ್ವೇರಿಯಂ ಅಂಗಡಿಗಳಲ್ಲಿ ಮೀನುಮರಿಗಳ ಆಹಾರವೆಂದು ಮಾರುವ ಆರ್ಟೀಮಿಯಾ ಮೊಟ್ಟೆಗಳನ್ನು ತನ್ನಿ. ಕೊಳೆಯುವ ಪ್ರಯೋಗಕ್ಕೆ, ಮಂಗಳೂರಿನಿಂದಲೋ ಕೇರಳದ ಕಡೆಯಿಂದಲೋ ನಮ್ಮ ಪೇಟೆಗಳಿಗೆ ಬರುವ ಕಡಲ ಏಡಿಗಳಲ್ಲಿ ಹೊಟ್ಟೆಯ ಮಡಿಕೆಯಡಿ ಮೊಟ್ಟೆ ಹೊತ್ತದ್ದೊಂದು ಸಿಕ್ಕರೆ ಅದು ಬಹಳ ಒಳ್ಳೆಯದು. ಮೊಟ್ಟೆಯ ಗೊಂಚಲು ಹಳದಿ ಅಥವಾ ಕಿತ್ತಳೆ ಬಣ್ಣದಲ್ಲಿದ್ದರೆ ಭ್ರೂಣ ಇನ್ನೂ ಎಳೆಯದು. ಕಪ್ಪುಬೂದಿಗೆ ತಿರುಗಿದ್ದರೆ ಮರಿಯೊಡೆಯುವ ಹಂತ ಹತ್ತಿರವಾಗಿರುತ್ತದೆ. ನಮಗೆ ಬೇಕಾದದ್ದು ಮೊದಲನೆಯದು. ಮೊಟ್ಟೆಗಾಗಿಯೇ ಜೀವಂತ ಏಡಿಯನ್ನು ಹಿಡಿಸುವುದು ಬೇಡ, ಮಾರುಕಟ್ಟೆಗೆ ತಾನಾಗಿ ಬಂದದ್ದೇ ಆಗಲಿ.

ಹಂತ 1: ಬದುಕಿರುವ ಮೊಟ್ಟೆಯನ್ನು ಸರಿಯಾಗಿ ನೋಡಿ

ಕಲ್ಲಿನಲ್ಲಿರುವ ಗುಂಡು ಭ್ರೂಣವೋ ಅಲ್ಲವೋ ಎಂದು ಹೇಳಬೇಕಾದವರು ಮೊದಲು ನಿಜವಾದ ಭ್ರೂಣವನ್ನು ನೋಡಿರಬೇಕು. ಈ ಹಂತವನ್ನು ಬಿಟ್ಟು ಮುಂದಕ್ಕೆ ಹಾರುವವರೇ ಹೆಚ್ಚು, ಆದರೆ ಉಳಿದೆಲ್ಲ ತಿಳಿವಳಿಕೆ ನಿಂತಿರುವುದು ಇದರ ಮೇಲೆ. ಕೆರೆಯಂಚಿನ ನೀರುಗಿಡಗಳ ಎಲೆಯಡಿ ಸಣ್ಣ ಬಸವನಹುಳುಗಳು ಅಂಟಿಸಿರುವ, ಲೋಳೆಯಂಥ ಪಾರದರ್ಶಕ ಮೊಟ್ಟೆಪಟ್ಟಿಯನ್ನು ಎಲೆಯ ಸಮೇತ ತಂದು, ಗಾಜಿನ ಮೇಲೆ ಒಂದು ಹನಿ ಕೆರೆನೀರಿನಲ್ಲಿಟ್ಟು ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯ ಮಸೂರದಲ್ಲಿ ನೋಡಿ. ಹೊಸದಾಗಿ ಇಟ್ಟ ಮೊಟ್ಟೆಗಳಾದರೆ ಒಂದು ಕೋಶ ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಅದೇ ದಿನ ಕಾಣಬಹುದು. ಇವು ಸಿಹಿನೀರಿನ ಜೀವಿಗಳೇ ಆದರೂ ಕೋಶ ಒಡೆಯುವ ಕ್ರಮ ಕಡಲ ಬಂಧುಗಳದ್ದೇ ತೆರನಾದದ್ದು.

ಇಲ್ಲಿ ಎರಡು ವಿಷಯಗಳನ್ನು ಬರೆದಿಟ್ಟುಕೊಳ್ಳಿ. ಮೊದಲನೆಯದು, ಕೋಶಗಳ ಸಂಖ್ಯೆ ಹೆಚ್ಚಿದರೂ ಭ್ರೂಣದ ಒಟ್ಟು ಗಾತ್ರ ಹೆಚ್ಚುವುದಿಲ್ಲ. ಪ್ರತಿ ವಿಭಜನೆಯಲ್ಲಿ ಕೋಶಗಳು ಚಿಕ್ಕದಾಗುತ್ತ ಹೋಗುತ್ತವೆ. ವೆಂಗಾನ್‌ನ ಗುಂಡುಗಳನ್ನು ಭ್ರೂಣಗಳೆಂದು ಗುರುತಿಸಲು ಇದೇ ಮುಖ್ಯ ಆಧಾರವಾಗಿತ್ತು. ಎರಡನೆಯದು, ಮೊಟ್ಟೆಯ ಸುತ್ತ ಒಂದು ಪೊರೆ ಇರುತ್ತದೆ. ಪಳೆಯುಳಿಕೆಯಾಗುವ ಓಟದಲ್ಲಿ ಪೊರೆಯೊಳಗಿರುವ ಭ್ರೂಣಕ್ಕೆ ಇರುವ ಅನುಕೂಲ ಪೊರೆ ಕಳೆದುಕೊಂಡು ಈಜುವ ಲಾರ್ವಾಕ್ಕೆ ಇಲ್ಲ, ಆದ್ದರಿಂದಲೇ ಕಲ್ಲಿನಲ್ಲಿ ಎಳೆಯ ಭ್ರೂಣಗಳು ಹೇರಳವಾಗಿ ದೊರೆತ ಕಡೆಯಲ್ಲೂ ಮೃದುದೇಹದ ಲಾರ್ವಾಗಳು ಅಪರೂಪ.

ಆರ್ಟೀಮಿಯಾವನ್ನು ಲೀಟರಿಗೆ ಸುಮಾರು 30 ಗ್ರಾಂ ಉಪ್ಪಿರುವ ನೀರಿಗೆ ಹಾಕಿದರೆ, 25ರಿಂದ 28 ಡಿಗ್ರಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನಗಳಲ್ಲಿ ಮರಿಯೊಡೆಯುತ್ತದೆ. ಮಡಿಕೇರಿಯ ಡಿಸೆಂಬರಿನ ಚಳಿಯಲ್ಲಿ ಇದು ತಡವಾಗುವುದು ಸಹಜ. ಬಾಟಲಿಯನ್ನು ಒಲೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಒಣಗಿದ ಆರ್ಟೀಮಿಯಾ ಮೊಟ್ಟೆ ಎಂದರೆ ಬೆಳವಣಿಗೆಯನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿರುವ ಭ್ರೂಣ. ಅದು ಆಮ್ಲಜನಕವಿಲ್ಲದೆ ವರ್ಷಗಟ್ಟಲೆ ಬದುಕಿರಬಲ್ಲದಾದ್ದರಿಂದ, ಮುಂದಿನ ಕೊಳೆಯುವ ಪ್ರಯೋಗಕ್ಕೆ ಬರುವುದಿಲ್ಲ. ಸಾಯದ ಮೊಟ್ಟೆಯನ್ನು ಕೆಸರಿನಲ್ಲಿಟ್ಟು, ಹಾಗೆಯೇ ಉಳಿಯಿತಲ್ಲ ಎಂದು ಸಂಭ್ರಮಿಸಿ ಪ್ರಯೋಜನವಿಲ್ಲ.

ಹಂತ 2: ಸತ್ತ ಮೊದಲ ಗಂಟೆಗಳು

ಮೊಟ್ಟೆಯ ಮೊದಲ ಶತ್ರು ಹೊರಗಿನ ಬ್ಯಾಕ್ಟೀರಿಯಾ ಅಲ್ಲ, ಅದರ ಸ್ವಂತ ಕಿಣ್ವಗಳು. ಜೀವ ಹೋದೊಡನೆ ಕೋಶದೊಳಗೆ ಕಟ್ಟಿಹಾಕಿದ್ದ ಕಿಣ್ವಗಳು ಹೊರಬಂದು, ಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಒಳಗಿನಿಂದಲೇ ಕರಗಿಸತೊಡಗುತ್ತವೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಭ್ರೂಣಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮಾನ್ಯ ಕಡಲನೀರಿನಲ್ಲಿ ಸತ್ತ ಭ್ರೂಣಗಳು ಗಂಟೆಗಳಲ್ಲೇ ಹಾಳಾದವು. ಆದರೆ ಆಮ್ಲಜನಕವಿಲ್ಲದ, ಹೈಡ್ರೋಜನ್ ಸಲ್ಫೈಡಿನಂಥ ಅಪಕರ್ಷಕ ವಸ್ತುಗಳಿರುವ ನೀರಿನಲ್ಲಿ ಈ ಒಳಗಿನ ಕರಗುವಿಕೆ ತಡೆಹಿಡಿಯಲ್ಪಟ್ಟು, ಭ್ರೂಣಗಳು ತಮ್ಮ ಆಕಾರವನ್ನು ವಾರಗಳ ಕಾಲ ಉಳಿಸಿಕೊಂಡವು. ಕಡಲ ತಳದ ಕಪ್ಪು ಕೆಸರಿನಲ್ಲಿ ಇಂಥ ಪರಿಸ್ಥಿತಿ ಸಹಜವಾಗಿಯೇ ಇರುತ್ತದೆ. ಮೊಟ್ಟೆ ಅಲ್ಲಿ ಬೀಳಬೇಕು, ಬೇಗ ಬೀಳಬೇಕು. ಅರ್ಧ ದಿನ ತಡವಾದರೆ ಉಳಿಸಲು ಏನೂ ಇರುವುದಿಲ್ಲ.

ಇದನ್ನು ನೋಡುವ ಪ್ರಯೋಗ ಹೀಗಿದೆ. ಏಡಿಯ ಗೊಂಚಲಿನಿಂದ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಮೆಲ್ಲಗೆ ಬಿಡಿಸಿ, ಸುಮಾರು ಐವತ್ತು ಮೊಟ್ಟೆಗಳಿರುವ ಎರಡು ಪಾಲು ಮಾಡಿ, ಪ್ರತಿ ಪಾಲನ್ನೂ ನೈಲಾನ್ ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ, ಮೇಲಕ್ಕೆಳೆಯಲು ಉದ್ದ ದಾರ ಬಿಡಿ. ಮೊದಲ ಬಾಟಲಿಯಲ್ಲಿ ಉಪ್ಪುನೀರು ಮಾತ್ರ ಇರಲಿ, ಬಾಯಿ ತೆರೆದಿರಲಿ, ದಿನಕ್ಕೆರಡು ಬಾರಿ ಕದಡಿ. ಎರಡನೆಯದರಲ್ಲಿ ಮೂರನೇ ಒಂದು ಭಾಗ ಗದ್ದೆಯ ಕಪ್ಪು ಕೆಸರು, ಅದರ ಮೇಲೆ ಕುದಿಸಿ ಆರಿಸಿದ ಉಪ್ಪುನೀರು, ಮೇಲ್ಮೈಯಲ್ಲಿ ಅಡುಗೆ ಎಣ್ಣೆಯ ತೆಳುಪದರ. ಈ ಬಾಟಲಿಯನ್ನು ಮೊಟ್ಟೆ ಹಾಕುವ ಒಂದು ವಾರ ಮೊದಲೇ ಸಿದ್ಧಮಾಡಿ ನೆರಳಿನಲ್ಲಿಟ್ಟರೆ, ಕೆಸರಿನ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೆಲ್ಲ ಮುಗಿಸಿರುತ್ತವೆ. ನಂತರ ಮೊಟ್ಟೆಗಂಟನ್ನು ಕೆಸರಿನೊಳಗೆ ಇಳಿಬಿಡಿ.

ಮೊಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆಯಬೇಡಿ. ಶಾಖ ತಾಗಿದರೆ ಕಿಣ್ವಗಳೇ ಕೆಟ್ಟುಹೋಗಿ, ಯಾವುದನ್ನು ಪರೀಕ್ಷಿಸಲು ಹೊರಟಿದ್ದೆವೋ ಅದೇ ಇಲ್ಲದಂತಾಗುತ್ತದೆ. ಕೆಸರಿನ ಬಾಟಲಿಯಲ್ಲಿ ಅನಿಲ ಕೂಡುವುದರಿಂದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸದೆ, ತೆರೆಯುವಾಗ ಅಂಗಳದಲ್ಲಿ ಗಾಳಿಯಾಡುವ ಕಡೆ ತೆರೆಯಿರಿ. ಕೊಳೆತ ಮೊಟ್ಟೆಯ ವಾಸನೆ ಬರುವ ಆ ಅನಿಲ ವಿಷಕಾರಿ. ಎರಡು ಗಂಟುಗಳಿಂದಲೂ ಆಗಾಗ ಕೆಲವು ಮೊಟ್ಟೆಗಳನ್ನು ತೆಗೆದು, ಹೊರಪೊರೆ ಇದೆಯೇ, ಒಳಭಾಗ ಮಬ್ಬಾಗಿದೆಯೇ, ಕೋಶಗಳ ಗಡಿ ಕಾಣುತ್ತದೆಯೇ ಎಂಬ ಮೂರನ್ನೇ ಬರೆಯಿರಿ. ಮಾರುಕಟ್ಟೆಯ ಮೊಟ್ಟೆಗಳು ಐಸಿನಲ್ಲಿದ್ದು ಬಂದವಾದ್ದರಿಂದ ಕೆಲವು ಆಗಲೇ ಹಾಳಾಗಿರುತ್ತವೆ. ಮೊದಲ ದಿನವೇ ಎಷ್ಟು ಚೆನ್ನಾಗಿದ್ದವು ಎಂದು ಎಣಿಸಿಟ್ಟುಕೊಂಡರೆ ಮಾತ್ರ ಮುಂದಿನ ಹೋಲಿಕೆಗೆ ಬೆಲೆ ಬರುತ್ತದೆ.

ಹಂತ 3: ಬ್ಯಾಕ್ಟೀರಿಯಾ ಕಟ್ಟುವ ಪ್ರತಿರೂಪ

ಕೊಳೆಯುವಿಕೆ ಎಂದರೆ ನಾಶ ಎಂದು ನಾವು ತಿಳಿದಿರುತ್ತೇವೆ, ಭ್ರೂಣಗಳ ವಿಷಯದಲ್ಲಿ ಅದು ಅರ್ಧ ಸತ್ಯ. ಅದೇ ಸೀ ಅರ್ಚಿನ್ ಭ್ರೂಣಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಕೆಲಸ, ಪಳೆಯುಳಿಕೆಯಾಗುವ ಕ್ರಿಯೆಯನ್ನು ಮೂರು ಹೆಜ್ಜೆಗಳಾಗಿ ಬಿಡಿಸಿ ತೋರಿಸಿತು. ಆಮ್ಲಜನಕವಿಲ್ಲದ ಸ್ಥಿತಿ ಕಿಣ್ವಗಳನ್ನು ತಡೆಯುತ್ತದೆ. ಆಗ ಬ್ಯಾಕ್ಟೀರಿಯಾಗಳು ಭ್ರೂಣದೊಳಕ್ಕೆ ನುಗ್ಗಿ, ಕೋಶದ ಮೇಲ್ಮೈಗಳ ಉದ್ದಕ್ಕೂ ಒತ್ತೊತ್ತಾಗಿ ನೆಲೆಸಿ, ಅದನ್ನು ತಿನ್ನುತ್ತಲೇ ಅದರ ಆಕಾರದಲ್ಲೇ ತಮ್ಮ ಪೊರೆಯನ್ನು ಕಟ್ಟುತ್ತವೆ. ಕೊನೆಗೆ ಆ ಪೊರೆ ಖನಿಜವಾಗುತ್ತದೆ. ಅಂದರೆ ಕಲ್ಲಿನಲ್ಲಿ ನಾವು ನೋಡುವ ಎಷ್ಟೋ ಕೋಶಗಳು ಕೋಶಗಳಲ್ಲ, ಕೋಶದ ಜಾಗದಲ್ಲಿ ಅದೇ ರೂಪ ತಾಳಿ ನಿಂತ ಬ್ಯಾಕ್ಟೀರಿಯಾ ಪೊರೆಗಳು. ಮೇಣದ ಬೊಂಬೆ ಕರಗಿಹೋಗಿ ಅದರ ಜಾಗದಲ್ಲಿ ಲೋಹ ನಿಲ್ಲುವ ಎರಕದ ಕೆಲಸವನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ, ಆದರೆ ಇಲ್ಲಿ ಮೇಣವನ್ನು ತಿನ್ನುವವರೂ ಅಚ್ಚು ತುಂಬುವವರೂ ಒಬ್ಬರೇ.

ಈ ಹಂತ ಸೂಕ್ಷ್ಮವಾದದ್ದು. ಬ್ಯಾಕ್ಟೀರಿಯಾ ಬಾರದಿದ್ದರೆ ಭ್ರೂಣ ಕಲ್ಲಾಗುವುದಿಲ್ಲ. ಬಂದವು ತಿನ್ನುವ ವೇಗದಲ್ಲಿ ಕಟ್ಟದಿದ್ದರೆ ಗುಂಡಾದ ಖಾಲಿ ಪೊರೆಯೊಂದೇ ಉಳಿಯುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈ ಪ್ರತಿರೂಪ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಆದರೆ ಕೆಸರಿನ ಬಾಟಲಿಯಿಂದ ತೆಗೆದ ಮೊಟ್ಟೆಗಳ ಮೈಮೇಲೆ ಬೆಳ್ಳನೆಯ ಲೋಳೆಪದರ ಕೂತಿರುವುದನ್ನು ಕೈಮಸೂರದಲ್ಲೇ ಕಾಣಬಹುದು. ಅದನ್ನು ಒರೆಸಿ ತೆಗೆಯದೆ ಹಾಗೆಯೇ ನೋಡಿ.

ಹಂತ 4: ರಂಜಕ ಎಲ್ಲಿಂದ ಬರುತ್ತದೆ

ಖನಿಜವಾಗಬೇಕಾದರೆ ಕ್ಯಾಲ್ಸಿಯಂ ಬೇಕು, ಅದು ಕಡಲನೀರಿನಲ್ಲಿ ಧಾರಾಳವಾಗಿದೆ. ಫಾಸ್ಫೇಟ್ ಬೇಕು, ಅದು ಕಡಲನೀರಿನಲ್ಲಿ ಬಹಳ ಕಡಿಮೆ. ಹಾಗಾದರೆ ಒಂದು ಇಡೀ ಶಿಲಾಸ್ತರ ತುಂಬುವಷ್ಟು ಫಾಸ್ಫೇಟ್ ಕೆಸರಿನಲ್ಲಿ ಸೇರಿದ್ದು ಹೇಗೆ? ಉತ್ತರದ ಒಂದು ಭಾಗ ನಮ್ಮ ಬತ್ತದ ಗದ್ದೆಯಲ್ಲೇ ಇದೆ. ಕೊಡಗಿನ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಫಾಸ್ಫೇಟನ್ನು ತನ್ನ ಮೈಗೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ನಾಟಿಗೆಂದು ಗದ್ದೆಗೆ ನೀರು ಕಟ್ಟಿದ ಮೇಲೆ, ಕೆಲವು ವಾರಗಳಲ್ಲಿ ಕೆಸರಿನ ಆಮ್ಲಜನಕ ಮುಗಿದು, ತುಕ್ಕು ಕರಗುವ ರೂಪದ ಕಬ್ಬಿಣವಾಗಿ, ಅದು ಹಿಡಿದಿದ್ದ ಫಾಸ್ಫೇಟ್ ಬಿಡುಗಡೆಯಾಗುತ್ತದೆ. ನೀರು ನಿಂತ ಗದ್ದೆಯಲ್ಲಿ ಬೆಳೆಗೆ ರಂಜಕ ಸುಲಭವಾಗಿ ಸಿಗುವುದಕ್ಕೆ ಇದೊಂದು ಕಾರಣ. ಕಡಲತಳದಲ್ಲೂ ನಡೆಯುವುದು ಇದೇ. ಆಮ್ಲಜನಕವಿರುವ ನೀರಿನಲ್ಲಿ ಕಬ್ಬಿಣದ ತುಕ್ಕು ಫಾಸ್ಫೇಟನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಕೆಸರಿನೊಳಗೆ ಆಮ್ಲಜನಕವಿಲ್ಲದ ಪದರದಲ್ಲಿ ಅದನ್ನು ಬಿಟ್ಟುಕೊಡುತ್ತದೆ, ಬಿಡುಗಡೆಯಾದ ಕಬ್ಬಿಣ ಮೇಲಕ್ಕೇರಿ ಮತ್ತೆ ತುಕ್ಕಾಗಿ ಮತ್ತಷ್ಟು ಫಾಸ್ಫೇಟನ್ನು ಹಿಡಿದು ತರುತ್ತದೆ. ಈ ಏರಿಳಿತ ಸಾವಿರಾರು ವರ್ಷ ನಡೆದರೆ ಕೆಸರಿನ ತೆಳುವಾದ ಪದರವೊಂದರಲ್ಲಿ ಫಾಸ್ಫೇಟ್ ದಟ್ಟವಾಗುತ್ತದೆ.

ಇನ್ನೊಂದು ಮೂಲ ಬ್ಯಾಕ್ಟೀರಿಯಾಗಳೇ. ನಮೀಬಿಯಾದ ಕಡಲತಳದಲ್ಲಿ ವಾಸಿಸುವ ಥಿಯೋಮಾರ್ಗರೀಟಾ ಎಂಬ ಗಂಧಕದ ಬ್ಯಾಕ್ಟೀರಿಯಾ ಮುಕ್ಕಾಲು ಮಿಲಿಮೀಟರ್‌ವರೆಗೆ ಬೆಳೆಯುತ್ತದೆ, ಅಂದರೆ ಬರಿಗಣ್ಣಿಗೆ ಕಾಣುತ್ತದೆ. ಇದು ಫಾಸ್ಫೇಟನ್ನು ತನ್ನೊಳಗೆ ಕೂಡಿಟ್ಟು, ಆಮ್ಲಜನಕ ಸಿಗದ ಹೊತ್ತಿನಲ್ಲಿ ಹೊರಬಿಡುತ್ತದೆ. ಇವು ದಟ್ಟವಾಗಿರುವ ಕೆಸರಿನಲ್ಲೇ ಇಂದಿಗೂ ಫಾಸ್ಫೊರೈಟ್ ರೂಪುಗೊಳ್ಳುತ್ತಿದೆ ಎಂದು 2005ರಲ್ಲಿ ತೋರಿಸಲಾಯಿತು. ಈ ಬ್ಯಾಕ್ಟೀರಿಯಾದ ಹೆಸರನ್ನು ನೆನಪಿಡಿ, ಆರನೇ ಹಂತದಲ್ಲಿ ಇದು ಬೇರೊಂದು ವೇಷದಲ್ಲಿ ಬರುತ್ತದೆ.

ಫಾಸ್ಫೇಟ್ ಇದ್ದ ಮಾತ್ರಕ್ಕೆ ಆಗಲಿಲ್ಲ, ಸುಣ್ಣ ಅದಕ್ಕೆ ಪೈಪೋಟಿಗೆ ನಿಲ್ಲುತ್ತದೆ. ಸಾಮಾನ್ಯ ಕಡಲನೀರಿನ ಕ್ಷಾರಗುಣದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಕಾರ್ಬೊನೇಟ್ ಜೊತೆ ಸೇರುತ್ತದೆ. ಆದರೆ ಕೊಳೆಯುತ್ತಿರುವ ದೇಹದ ಸುತ್ತಲಿನ ಪುಟ್ಟ ಆವರಣದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಸಾವಯವ ಆಮ್ಲಗಳು ಕೂಡಿಕೊಂಡು ಪಿಎಚ್ ಮಟ್ಟ ಇಳಿದಾಗ, ಸುಣ್ಣ ಹಿಂದೆ ಸರಿದು ಫಾಸ್ಫೇಟ್‌ಗೆ ಅವಕಾಶವಾಗುತ್ತದೆ. 1990ರ ದಶಕದ ಆರಂಭದಲ್ಲಿ ಸತ್ತ ಸೀಗಡಿಗಳನ್ನು ಮುಚ್ಚಿದ ಪಾತ್ರೆಗಳಲ್ಲಿ ಕೊಳೆಯಲು ಬಿಟ್ಟು ನೋಡಿದಾಗ, ಅವುಗಳ ಸ್ನಾಯುಗಳು ಕೆಲವೇ ವಾರಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟಾಗಿ ಮಾರ್ಪಡತೊಡಗಿದ್ದವು, ಅದೂ ಸೀಗಡಿಯ ದೇಹದೊಳಗಿನ ರಂಜಕವನ್ನೇ ಬಳಸಿಕೊಂಡು. ಕೋಟಿ ವರ್ಷಗಳ ಮಾತು ಬೇಡ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಇದೇ ಆಧಾರ. ಹೀಗೆ ಮೊದಲು ಬರುವ ಖನಿಜಕಣಗಳು ಅತಿ ಸೂಕ್ಷ್ಮವಾಗಿದ್ದು ಕೋಶದ ಆಕಾರವನ್ನು ಹಿಡಿಯುತ್ತವೆ. ಮುಂದೆ ಅವು ಕಡಲನೀರಿನ ಫ್ಲೋರಿನ್ ಸೇರಿಸಿಕೊಂಡು ಅಪಟೈಟ್ ಎಂಬ ಗಟ್ಟಿಯಾದ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜವಾಗುತ್ತವೆ. ಉಳಿದ ಟೊಳ್ಳುಗಳಲ್ಲಿ ತಡವಾಗಿ ಬರುವ ಅಪಟೈಟ್ ಪದರಪದರವಾಗಿ, ದೊಡ್ಡ ಹರಳುಗಳಾಗಿ ಕೂರುತ್ತದೆ. ಮೊದಲು ಬಂದದ್ದಕ್ಕೂ ತಡವಾಗಿ ಬಂದದ್ದಕ್ಕೂ ಇರುವ ಈ ವ್ಯತ್ಯಾಸವೇ ಮುಂದೆ ಸರಿತಪ್ಪುಗಳನ್ನು ತೀರ್ಮಾನಿಸುತ್ತದೆ.

ಹಂತ 5: ಕಲ್ಲಿನಿಂದ ಬಿಡಿಸುವುದು

ವೆಂಗಾನ್‌ನ ಕಲ್ಲಿನಲ್ಲಿ ಅಪಟೈಟ್ ಗುಂಡುಗಳನ್ನು ಒಂದಕ್ಕೊಂದು ಅಂಟಿಸಿರುವುದು ಡೋಲೊಮೈಟ್ ಎಂಬ ಕಾರ್ಬೊನೇಟ್. ಸುಮಾರು ಶೇ. 10ರ ಅಸಿಟಿಕ್ ಆಮ್ಲದಲ್ಲಿ ಕಲ್ಲಿನ ತುಂಡುಗಳನ್ನು ನೆನೆಹಾಕಿದರೆ ಡೋಲೊಮೈಟ್ ನಿಧಾನವಾಗಿ ಕರಗಿ ಗುಂಡುಗಳು ಉದುರುತ್ತವೆ. ತಳದಲ್ಲಿ ಕೂತ ಗಸಿಯನ್ನು ತೊಳೆದು, ಜರಡಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒದ್ದೆಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಆರಿಸುತ್ತಾರೆ. ಸ್ವೀಡನ್ನಿನ ಸುಣ್ಣಕಲ್ಲಿನ ಗುಂಡುಗಳಿಂದ 1970ರ ದಶಕದಲ್ಲಿ ಕೇಂಬ್ರಿಯನ್ ಯುಗದ (ಸುಮಾರು 54ರಿಂದ 48.5 ಕೋಟಿ ವರ್ಷಗಳ ಹಿಂದಿನ) ಸಂಧಿಪದಿಗಳ ಲಾರ್ವಾಗಳನ್ನು ಕೂದಲಿನ ಸಮೇತ ಬಿಡಿಸಿದ್ದೂ ಆಮ್ಲದಿಂದಲೇ.

ಮನೆಯಲ್ಲಿ ಇದರ ತತ್ವವನ್ನು ನೋಡಲು ಕೋಳಿಮೊಟ್ಟೆಯ ಚಿಪ್ಪಿನ ಚೂರೊಂದನ್ನೂ ತೊಳೆದ ಕೋಳಿ ಮೂಳೆಯೊಂದನ್ನೂ ಎರಡು ಲೋಟ ವಿನಿಗರ್‌ನಲ್ಲಿ ಬೇರೆಬೇರೆಯಾಗಿ ಹಾಕಿ. ಕಾರ್ಬೊನೇಟ್ ಆದ ಚಿಪ್ಪು ತಕ್ಷಣ ಗುಳ್ಳೆಯೇಳಿಸುತ್ತ ಒಂದೆರಡು ದಿನಗಳಲ್ಲಿ ತೆಳುಪೊರೆಯಷ್ಟೇ ಆಗುತ್ತದೆ. ಅಪಟೈಟ್ ಇರುವ ಮೂಳೆ ಅಷ್ಟು ಬೇಗ ಬಗ್ಗುವುದಿಲ್ಲ, ಆದರೆ ಹಲವು ದಿನ ಬಿಟ್ಟರೆ ಅದೂ ಮೆತ್ತಗಾಗುತ್ತದೆ. ಕಾಚಂಪುಳಿಯಲ್ಲಿ ಈ ಪ್ರಯೋಗ ಮಾಡಲು ಹೋಗಬೇಡಿ. ಕಪ್ಪು ದ್ರವದೊಳಗೆ ಏನೂ ಕಾಣುವುದಿಲ್ಲ, ಅಷ್ಟು ಬೆಲೆಯ ಹುಳಿಗೆ ಪಂದಿಕರಿಯೇ ಯೋಗ್ಯ ಸ್ಥಳ.

ಮೂಳೆ ಮೆತ್ತಗಾದದ್ದನ್ನು ಕಂಡ ವಿದ್ಯಾರ್ಥಿ, ಹಾಗಾದರೆ ಆಮ್ಲ ಭ್ರೂಣವನ್ನೂ ತಿನ್ನುವುದಿಲ್ಲವೇ ಎಂದು ಕೇಳಬೇಕು, ಕೇಳದಿದ್ದರೆ ಶಿಕ್ಷಕರೇ ಕೇಳಿಸಬೇಕು. ತಿನ್ನುತ್ತದೆ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಫಾಸ್ಫೇಟ್ ಪಳೆಯುಳಿಕೆಗಳಿಗೆ ಬಳಸುವ ಆಮ್ಲಕ್ಕೆ ಮೊದಲೇ ಕ್ಯಾಲ್ಸಿಯಂ ಅಸಿಟೇಟನ್ನೂ ಕ್ಯಾಲ್ಸಿಯಂ ಫಾಸ್ಫೇಟನ್ನೂ ಕರಗಿಸಿ, ಅದರ ಕಡುಪನ್ನು ತಗ್ಗಿಸಿ, ಫಾಸ್ಫೇಟಿನ ಹಸಿವನ್ನು ತೀರಿಸಿಟ್ಟಿರುತ್ತಾರೆ. ತೋಟದಲ್ಲಿ ನಾವು ಬಯಸುವುದು ಇದರ ವಿರುದ್ಧವನ್ನು. ರಾಕ್ ಫಾಸ್ಫೇಟನ್ನು ಕೊಡಗಿನಂಥ ಹುಳಿಮಣ್ಣಿಗೆ ಶಿಫಾರಸು ಮಾಡುವುದು, ಆ ಹುಳಿ ಅಪಟೈಟನ್ನು ಮೆಲ್ಲಮೆಲ್ಲನೆ ಕರಗಿಸಿ ಗಿಡದ ಬೇರಿಗೆ ಒದಗಿಸುತ್ತದೆ ಎಂಬ ಕಾರಣಕ್ಕೆ. ಭ್ರೂಣದ ಪಳೆಯುಳಿಕೆಯನ್ನು ತಂದು ನಮ್ಮ ತೋಟದಲ್ಲಿ ಹೂತರೆ ಕಾಫಿಗಿಡ ಅದನ್ನೂ ಉಣ್ಣುತ್ತದೆ.

ಹಂತ 6: ಗುಂಡಾಗಿದ್ದುದೆಲ್ಲ ಮೊಟ್ಟೆಯಲ್ಲ

ಕಠಿಣವಾದ ಹಂತ ಇದು, ಮತ್ತು ವಿಜ್ಞಾನಿಗಳೇ ಇಲ್ಲಿ ಹೆಚ್ಚು ಜಗಳವಾಡಿದ್ದಾರೆ. ಉತ್ತರಪ್ರದೇಶ ಮತ್ತು ಮಧ್ಯಪ್ರದೇಶಗಳ ಗಡಿಯ ಚಿತ್ರಕೂಟದ ಬಳಿ ವಿಂಧ್ಯ ಶಿಲಾಸಮೂಹದ ಫಾಸ್ಫೊರೈಟಿನಲ್ಲಿ ಭ್ರೂಣವನ್ನು ಹೋಲುವ, ಮೇಲ್ಮೈಯಲ್ಲಿ ಬಹುಭುಜಗಳ ವಿನ್ಯಾಸವಿರುವ ಗುಂಡುಗಳು ದೊರೆತಿದ್ದವು. ಅವು ಕೇಂಬ್ರಿಯನ್ ಕಾಲದವೇ ಎಂಬ ವಾದವೂ ಇತ್ತು. 2009ರಲ್ಲಿ ಪ್ರಕಟವಾದ ಅಧ್ಯಯನ ಆ ಗುಂಡುಗಳು ನಿಜವಾಗಿಯೂ ಕಲ್ಲಿನೊಳಗಿನ ರಚನೆಗಳೇ ಎಂದು ಒಪ್ಪಿತು, ಆದರೆ ಸೀಸದ ಐಸೊಟೋಪುಗಳಿಂದ ಆ ಕಲ್ಲಿನ ವಯಸ್ಸು ಸುಮಾರು 165 ಕೋಟಿ ವರ್ಷ ಎಂದು ತೋರಿಸಿತು; ಗುಂಡುಗಳು ಬಹುಶಃ ಸೂಕ್ಷ್ಮಜೀವಿಗಳ ಹಾಸಿನೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಎಂಬುದು ಅದರ ತೀರ್ಮಾನ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತರಗತಿಗೆ ಕೊಡಬಹುದಾದ ಅತ್ಯುತ್ತಮ ಉದಾಹರಣೆ ಇದೇ, ಏಕೆಂದರೆ ನಮ್ಮ ದೇಶದ್ದು, ಮತ್ತು ಆಕಾರವೊಂದನ್ನೇ ನಂಬುವುದು ಎಷ್ಟು ಅಪಾಯ ಎಂಬುದನ್ನು ಬೇರೇನೂ ಇಷ್ಟು ಚೆನ್ನಾಗಿ ತೋರಿಸುವುದಿಲ್ಲ.

ವೆಂಗಾನ್‌ನಲ್ಲೂ ಇಂಥದ್ದಾಯಿತು. 2004ರಲ್ಲಿ ವರ್ನಾನಿಮಾಲ್ಕುಲಾ ಎಂಬ ಹೆಸರಿನಲ್ಲಿ, ಎಡಬಲ ಸಮಪಾರ್ಶ್ವವುಳ್ಳ ಅತಿ ಹಳೆಯ ಪ್ರಾಣಿ ಎಂದು ಒಂದು ಪಳೆಯುಳಿಕೆಯನ್ನು ಪ್ರಕಟಿಸಿದರು. ಅದರ ಅಂಗಾಂಶ ಪದರಗಳೆಂದು ಹೇಳಿದ್ದು, ಟೊಳ್ಳಿನ ಗೋಡೆಗೆ ತಡವಾಗಿ ಕೂತ ಅಪಟೈಟ್ ಪದರಗಳು ಮಾತ್ರ ಎಂದು 2012ರಲ್ಲಿ ವಿವರವಾಗಿ ತೋರಿಸಲಾಯಿತು. 2007ರಲ್ಲಿ ಬೇರೊಂದು ತಂಡ, ವೆಂಗಾನ್‌ನ ಗುಂಡುಗಳು ಭ್ರೂಣಗಳೇ ಅಲ್ಲ, ವಿಭಜನೆಗೊಳ್ಳುತ್ತಿರುವ ಥಿಯೋಮಾರ್ಗರೀಟಾದಂಥ ದೈತ್ಯ ಬ್ಯಾಕ್ಟೀರಿಯಾಗಳು ಎಂದು ವಾದಿಸಿತು. ಈ ವಾದ ಹೆಚ್ಚು ಕಾಲ ನಿಲ್ಲಲಿಲ್ಲ: ಗುಂಡುಗಳ ಸುತ್ತ ಅಲಂಕೃತವಾದ ದಪ್ಪ ಹೊದಿಕೆಯಿದೆ, ಕೋಶಗಳೊಳಗೆ ನ್ಯೂಕ್ಲಿಯಸ್‌ನಂತೆ ಕಾಣುವ ರಚನೆಗಳಿವೆ. ಆದರೆ 2011ರಲ್ಲಿ ಅದೇ ನ್ಯೂಕ್ಲಿಯಸ್‌ನಂಥ ರಚನೆಗಳನ್ನು ಆಧರಿಸಿ, ಇವು ಪ್ರಾಣಿಗಳಲ್ಲ, ಹೊದಿಕೆಯೊಳಗೆ ಸಾವಿರಾರು ಬೀಜಕೋಶಗಳಾಗಿ ಒಡೆಯುವ ಏಕಕೋಶ ಜೀವಿಗಳು ಎಂಬ ಮೂರನೆಯ ವಾದ ಬಂತು. 2019ರಲ್ಲಿ ಕೇವಿಯಾಸ್ಫೀರಾ ಎಂಬ ಇನ್ನೊಂದು ರೂಪದಲ್ಲಿ ಕೋಶಗಳು ಜಾಗ ಬದಲಿಸಿ ಮಡಿಕೆಯಾಗುವ, ಪ್ರಾಣಿಭ್ರೂಣವನ್ನು ಹೋಲುವ ಬೆಳವಣಿಗೆಯನ್ನು ವಿವರಿಸಲಾಯಿತು. ವೆಂಗಾನ್‌ನ ಗುಂಡುಗಳು ಬಹುಕೋಶ ಪ್ರಾಣಿಗಳ ಹತ್ತಿರದ ಬಂಧುಗಳೋ ಪ್ರಾಣಿಗಳೋ ಎಂಬ ಚರ್ಚೆ ಇನ್ನೂ ತೆರೆದಿದೆ. ಪಠ್ಯದಲ್ಲಿ ಅವನ್ನು ಅನುಮಾನವಿಲ್ಲದ ಪ್ರಾಣಿಭ್ರೂಣಗಳೆಂದು ಬರೆದಿದ್ದರೆ ತಿದ್ದಿ ಹೇಳಿ.

ಅನುಮಾನಕ್ಕೆ ಎಡೆಯಿಲ್ಲದ ಭ್ರೂಣಗಳು ಕೇಂಬ್ರಿಯನ್ ಕಾಲದವು. ಚೀನಾದ ಶಾನ್‌ಶಿ ಪ್ರಾಂತ್ಯದ ಕ್ವಾನ್‌ಚ್ವಾನ್‌ಪು ಸ್ತರದ, ಸುಮಾರು 53.5 ಕೋಟಿ ವರ್ಷ ಹಳೆಯ ಪಳೆಯುಳಿಕೆಯಾದ ಓಲಿವೂಯ್ಡಿಸ್‌ನಲ್ಲಿ ಹೊದಿಕೆಯೊಳಗಿನ ಭ್ರೂಣದ ಮೈಮೇಲೆ ನಕ್ಷತ್ರಾಕಾರದ ಉಬ್ಬುಗಳಿವೆ, ಮೊಟ್ಟೆಯೊಡೆದು ಬಂದ ಮರಿಯ ಶಂಕುವಿನಾಕಾರದ ಮೈಯ ತುದಿಯಲ್ಲೂ ಅದೇ ಉಬ್ಬುಗಳಿವೆ. ಹೀಗೆ ಭ್ರೂಣವನ್ನೂ ಬೆಳೆದ ಜೀವಿಯನ್ನೂ ಸರಪಳಿಯಂತೆ ಜೋಡಿಸಲು ಸಾಧ್ಯವಾಯಿತು, ಮತ್ತು ಅದು ಜೆಲ್ಲಿಮೀನುಗಳ ಬಳಗದ್ದು ಎಂಬ ಅಭಿಪ್ರಾಯಕ್ಕೆ ಬರಲಾಯಿತು. ಮಾರ್ಕ್ಯೂಲಿಯಾ ಎಂಬ ಇನ್ನೊಂದರಲ್ಲಿ ಅರ್ಧ ಮಿಲಿಮೀಟರ್ ಗುಂಡಿನೊಳಗೆ ಬಳೆಬಳೆಯಾದ ಹುಳುವೊಂದು ಮಡಚಿಕೊಂಡು ಕೂತಿದೆ, ಬಾಲದಲ್ಲಿ ಮುಳ್ಳುಗಳಿವೆ. ಇವನ್ನು ಒಡೆಯದೆ ಒಳಗಿನಿಂದ ನೋಡಲು ಸಾಧ್ಯವಾದದ್ದು ಸ್ವಿಟ್ಜರ್ಲೆಂಡಿನ ವಿಲಿಗನ್ ಮತ್ತು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಎಂಬ, ಅತಿ ಪ್ರಖರ ಕಿರಣ ಸೂಸುವ ದೈತ್ಯ ಯಂತ್ರಗಳ ಎಕ್ಸ್‌ರೇ ಚಿತ್ರಣದಿಂದ.

ಆದ್ದರಿಂದ ಯಾರಾದರೂ ಭ್ರೂಣದ ಪಳೆಯುಳಿಕೆ ಸಿಕ್ಕಿತೆಂದರೆ ಹೀಗೆ ಕೇಳುತ್ತ ಹೋಗಿ: ಕಲ್ಲಿನ ವಯಸ್ಸನ್ನು ಸ್ವತಂತ್ರವಾಗಿ ಅಳೆದಿದ್ದಾರೆಯೇ? ಸುತ್ತ ಹೊದಿಕೆ ಇದೆಯೇ? ಕೋಶ ಹೆಚ್ಚಿದಂತೆ ಗಾತ್ರ ಒಂದೇ ಆಗಿರುವ ಸರಣಿ ದೊರೆತಿದೆಯೇ, ಅಥವಾ ಒಂದೇ ಒಂದು ಚಿತ್ರವಿದೆಯೇ? ತೋರಿಸುತ್ತಿರುವ ಪದರ ಮೊದಲು ಬಂದ ಸೂಕ್ಷ್ಮ ಅಪಟೈಟೋ, ಟೊಳ್ಳಿಗೆ ತಡವಾಗಿ ಕೂತದ್ದೋ? ಬೆಳೆದ ಜೀವಿಯೊಂದಿಗೆ ಹೋಲಿಕೆ ಇದೆಯೇ? ಮೊದಲ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಉಳಿದವನ್ನು ಕೇಳುವ ಅಗತ್ಯವೇ ಇಲ್ಲ.

ಬೇರೆ ದಾರಿಗಳು, ಮತ್ತು ನಮ್ಮ ಚೀಲ

ಫಾಸ್ಫೇಟ್ ಒಂದೇ ದಾರಿಯಲ್ಲ. ಕೆನಡಾದ ಬರ್ಜೆಸ್ ಶೇಲ್‌ನ 50.8 ಕೋಟಿ ವರ್ಷ ಹಳೆಯ ವ್ಯಾಪ್ಟಿಯಾ ಎಂಬ ಸೀಗಡಿಯಂಥ ಜೀವಿ ತನ್ನ ಚಿಪ್ಪಿನಡಿ ಮೊಟ್ಟೆಗಳನ್ನು ಹೊತ್ತಿರುವಾಗಲೇ ಹೂತುಹೋಗಿದೆ; ನ್ಯೂಯಾರ್ಕಿನ ಸುಮಾರು 45 ಕೋಟಿ ವರ್ಷ ಹಿಂದಿನ ಲುಪ್ರಿಸ್ಕಾ ಎಂಬ ಪುಟ್ಟ ಚಿಪ್ಪುಜೀವಿಯ ಮೊಟ್ಟೆಗಳು ಕಬ್ಬಿಣ ಮತ್ತು ಗಂಧಕದ ಪೈರೈಟ್ ಆಗಿ ಉಳಿದಿವೆ. ಮಳೆಗಾಲದಲ್ಲಿ ಗದ್ದೆಯ ಏಡಿಯನ್ನು ಹಸನು ಮಾಡಿದವರು ಅದರ ಹೊಟ್ಟೆಯ ಮಡಿಕೆಯಲ್ಲಿ ಇಂಥದೇ ಹೊರೆಯನ್ನು ಕಂಡಿರುತ್ತಾರೆ. ಇವುಗಳಲ್ಲಿ ತಾಯಿ ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ, ಆದರೆ ಕೋಶಗಳ ವಿವರ ಫಾಸ್ಫೇಟಿನಲ್ಲಿರುವಷ್ಟು ಸಿಗುವುದಿಲ್ಲ. ಕೇಂಬ್ರಿಯನ್ ಕಾಲ ಮುಗಿಯುತ್ತ ಬಂದಂತೆ ಫಾಸ್ಫೇಟಿನ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ಕೆಸರನ್ನು ಕೊರೆದು ಕಲಕುವ ಪ್ರಾಣಿಗಳು ಹೆಚ್ಚಿ, ಆಮ್ಲಜನಕ ಆಳಕ್ಕಿಳಿದು, ಮೇಲ್ಪದರದಲ್ಲಿ ಫಾಸ್ಫೇಟ್ ಕೂಡಿ ನಿಲ್ಲುವುದು ಕಡಿಮೆಯಾದದ್ದು ಇದಕ್ಕೆ ಕಾರಣವಿರಬಹುದೆಂಬುದು ಒಪ್ಪಬಹುದಾದ ವಿವರಣೆ.

ಇಷ್ಟು ಓದಿದ ಮೇಲೆ ಗೊಬ್ಬರದ ಚೀಲ ಬಿಚ್ಚಿ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಡುವ ಆಸೆ ಯಾರಿಗಾದರೂ ಬರುತ್ತದೆ. ನೋಡಿ, ಅಡ್ಡಿಯಿಲ್ಲ, ಅಪಟೈಟಿನ ಚೂರುಗಳು ಕಾಣುತ್ತವೆ. ಭ್ರೂಣ ಮಾತ್ರ ಸಿಗದು: ರಾಕ್ ಫಾಸ್ಫೇಟಿನ ಪುಡಿಯಲ್ಲಿ ಶೇ. 90ರಷ್ಟು 0.15 ಮಿಲಿಮೀಟರ್ ಜರಡಿಯಲ್ಲಿ ಹಾಯಬೇಕೆಂಬುದು ಗೊಬ್ಬರ ನಿಯಂತ್ರಣ ಆದೇಶದ ನಿಯಮ, ಅರ್ಧ ಮಿಲಿಮೀಟರ್ ಗುಂಡು ಅದರಲ್ಲಿ ಇಡಿಯಾಗಿ ಉಳಿಯುವಂತಿಲ್ಲ. ಬಂದ ಊರೂ ಮುಖ್ಯ. ಉದಯಪುರದ ಬಳಿಯ ಝಾಮರ್‌ಕೋಟ್ರಾದ ಫಾಸ್ಫೇಟ್ ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದಿನದು, ಅದರಲ್ಲಿರುವುದು ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು. ಜೋರ್ಡಾನ್, ಈಜಿಪ್ಟ್‌ಗಳಿಂದ ಬರುವುದು ಬಹಳ ಈಚಿನ ಕಾಲದ ಕಲ್ಲು. ಶಾಲೆಗೆ ಮಾದರಿ ಬೇಕಿದ್ದರೆ ಪುಡಿಯನ್ನು ಬಿಟ್ಟು, ಬೀಸದ ಅದಿರಿನ ಗಟ್ಟಿ ತುಂಡನ್ನು, ಯಾವ ಗಣಿಯದು ಎಂಬ ವಿವರದ ಸಮೇತ, ಭೂವಿಜ್ಞಾನ ವಿಭಾಗವಿರುವ ಕಾಲೇಜಿನ ಮೂಲಕ ಕೇಳಿ ತರಿಸಿಕೊಳ್ಳಿ. ಊರು ತಿಳಿಯದ ಕಲ್ಲಿಗೆ ವಯಸ್ಸಿಲ್ಲ, ವಯಸ್ಸಿಲ್ಲದಿದ್ದರೆ ಆರನೇ ಹಂತದ ಮೊದಲ ಪ್ರಶ್ನೆಯಲ್ಲೇ ನಿಲ್ಲಬೇಕಾಗುತ್ತದೆ.